ಬಾವಿ ಎಲ್ಲಿತ್ತು

ಮೊದಲ ಬಾಗಲ ಮುಂದ ಮಾಡ, ಕಸ್ತೂರಿ. ಅಗಳಿನೂ ಹಾಕು. ಹಾಂ. ಇನ್ನ ನಮ್ಮ ಪಡಸಾಲ್ಯಾಗ ಈ ಕಡೆ ಸರಿ, ಸಣ್ಣ ದನೀಲೆ ಹೇಳತೀನಿ. ಗ್ವಾಡಿಗಿ ಕಿವಿ ಇರತಾವ ಅಂತಿದ್ರು ಹಿಂದಿನವ್ರು. ಈಗ ನಮ್ಮ ಓಣ್ಯಾಗ ಗ್ವಾಡಿ ಹೋಗ್ಯಾವ, ಬರೇ ಕಿವಿ ಉಳದಾವ! ಯಾಕ, ನಗು ಬರಲಿಲ್ಲ? ಮೊದಲಿನ ಕಸ್ತೂರಿ ಆಗಿದ್ರ ಹೊಟ್ಟಿ ಹಿಡಕೊಂಡು ನಗತಿದ್ದಿ. ಚಿಟಗುಪ್ಪಾದ ನೀರು ನಿನಗ ಹತ್ತಿಲ್ಲ ಕಾಣತದ.

ನಾ ಹೇಳೂದು ನಿನ್ನ ಹೊಟ್ಯಾಗೇ ಇರಬೇಕು, ತಿಳೀತಾ? ನಿನ್ನ ಸೊಸಿಗೂ ಹೇಳಬ್ಯಾಡ. ಆಣಿ ಮಾಡು... ಮಾಡಂಗಿಲ್ಲಾ? ಇರಲಿ ಬಿಡು. ಆಣಿ ಮಾಡಿದವರೇ ಓಣಿ ತುಂಬ ಸಾರಿದ್ದನ್ನ ನಾ ನೋಡೀನಿ.

ನೀ ಮಗಳ ಬಾಣಂತನ ಅಂತ ಬಸ್ ಹತ್ತಿ ಹೋದಿ, ಎರಡ ತಿಂಗಳು ನಮ್ಮೂರ ಕಲ್ಯಾಣದ ಕಡೆ ತಿರುಗಿ ನೋಡಲಿಲ್ಲ. ಇಲ್ಲಿ ಏನೇನ ಆಯ್ತು ಅಂತಿ! ನಮ್ಮ ಓಣಿ ಚಂದ ಮಾಡತೀವಿ ಅಂತ ಮಂದಿ ಬಂದ್ರು. ರಸ್ತಾ ಅಗಲ ಮಾಡತಾರಂತ, ನಾಲಿ ಮ್ಯಾಲ ಫರಸಿ ಮುಚ್ಚತಾರಂತ, ಬಣ್ಣಬಣ್ಣದ ಇಟ್ಟಂಗಿ, ದೀಪದ ಕಂಬ, ಮತ್ತ ಮುದುಕೇರಿಗಿ ಕುಂದ್ರಾಕ ಕಲ್ಲಿನ ಬಾಕು. ಕೇಳಿದೇನ, ಬಾಕು! ಸಾಯೂ ಮುಂದ ಸಿಂಗಾರ!

ಹನುಮಾನ ಗುಡಿ ಮುಂದ ಕುರ್ಚಿ ಹಾಕಿ ಸಭಾ ಮಾಡಿದ್ರು. ನಮ್ಮ ಮೆಂಬರ್ ಶಂಕರಲಿಂಗ ಇಸ್ತ್ರಿ ಅಂಗಿ ತೊಟ್ಟು ಮದಲಿಂಗನಂಗ ಕುಂತಿದ್ದ. ಮತ್ತ ಆ ಗಿರಣಿ ಶಕುಂತಲಾಬಾಯಿ! ಇಂಜಿನೇರ ಸಾಹೇಬಗ ಸುಸಲಾ ಏನು, ಮಿರ್ಚಿ ಭಜಿ ಏನು, ಮ್ಯಾಲ ಎರಡೆರಡ ಸಲ ಚಾ ಏನು... ಸೆರಗು ಒಂದ ನಿಮಿಷ ತಲಿ ಮ್ಯಾಲ ನಿಲ್ಲಲಿಲ್ಲ ಆಕಿದು! ಆಕಿ ಗಿರಣಿ ಮುಂದಿನ ಮೆಟ್ಲಾ ಒಂದ ಗೇಣೂ ಒಡೀಲಿಲ್ಲ ನೋಡು. ಮಿರ್ಚಿ ಭಜ್ಯಾಗ ಅಷ್ಟ ಶಕ್ತಿ ಅದವ್ವಾ.

ಆ ಸಾಹೇಬ ಒಂದ ನಕಾಶಾ ಹಾಸಿದ. ನಿಜಾಮನ ಕಾಲದ್ದು, ಉರ್ದುದಾಗ ಬರದದ್ದು. ಅದರಾಗ ನಮ್ಮ ಓಣಿ, ಓಣ್ಯಾಗ ಒಂದ ದುಂಡನ ಗುರ್ತು. ಬಾವಿ. ‘ಇದು ಊರ ಬಾವಿ, ಇದ್ದ ಜಾಗಾ ಸರಕಾರದ್ದು. ಅದರ ಮ್ಯಾಲ ಯಾರ ಮನಿ ಬಂದದೋ ಅಷ್ಟು ಒಡೀತೀವಿ’ ಅಂದ. ಆದ್ರ ಬಾವಿ ಎಲ್ಲಿತ್ತು? ಮುಚ್ಚಿ ಐವತ್ತ ವರ್ಷ ಆಯ್ತು. ಈಗಿನ ಹುಡುಗರು ನಳದ ನೀರು ಕುಡದವ್ರು, ಅವರಿಗೇನ ಗೊತ್ತು! ‘ಓಣ್ಯಾಗ ಎಲ್ಲಾರಕಿಂತ ಹಿರೇರು ಯಾರು?’ ಅಂತ ಕೇಳಿದ. ಎಲ್ಲಾ ಮಂದಿ ನನ್ನ ಕಡೆ ತಿರುಗಿತು. ನನಗ ಕುರ್ಚಿ ಕೊಟ್ರು, ಕಸ್ತೂರಿ. ಜಲ್ಮದಾಗ ಮೊದಲ ಸಲ! ಗಯಾಬಾಯಿ ಬಾಯಿ ತಗದ್ರ ‘ಸಾಕ ಮಾಡ ಮುದುಕಿ’ ಅನ್ನೂ ಜನ, ಅವತ್ತ ಪೆನ್ನ ಹಿಡಕೊಂಡು ನನ್ನ ಬಾಯಿ ನೋಡತಿದ್ರು.

ಬೆರಳು ತೋರಿಸಿದೆ. ಎಲ್ಲಿಗಿ ಅಂದ್ರ... ಎಲ್ಲಿತ್ತೋ ಅಲ್ಲಿಗಿ! ಎದುರ ಮನಿ ಆಮಿನಾನ ಮುಂದಿನ ಖೋಲಿ ಕಡೆ. ಹಾಂಗ್ಯಾಕ ನೋಡತಿ? ಅವ್ರು ಬರಕೊಂಡ್ರು, ಪಂಚನಾಮಾ ಅಂದ್ರು, ಓದಿ ಹೇಳಿದ್ರು, ನನ್ನ ಹೆಬ್ಬಟ್ಟು ಒತ್ತಿಸಿಕೊಂಡ್ರು. ಸಂಜಿಗಿ ಆಮಿನಾನ ಗ್ವಾಡಿ ಮ್ಯಾಲ ಕೆಂಪು ಗೆರಿ ಬಿತ್ತು. ಎಂಟ ದಿನಕ್ಕ ಜೆಸಿಬಿ ಬಂತು.

ಅದೇ ಖೋಲ್ಯಾಗ ಆಕಿ ಗಂಡ ಮಲಗತಿದ್ದ, ಹೌದು. ಬಳಿಗಾರ ಮೊಹಿನುದ್ದೀನ. ಲಕವಾ ಹೊಡದು ಮೂರ ವರ್ಷ ಆಗಿತ್ತು, ಅಲ್ಲಿ ಕಿಡಕಿ ಗಾಳಿ ಬರತದ ಅಂತ ಅಲ್ಲೇ ಹಾಸಿಗಿ. ಪಾಪ, ನಿನಗೂ ನನಗೂ ಮದಿವಿ ಬಳಿ ಇಟ್ಟವ ಅವನೇ. ಒಂದ ಬಳಿ ಒಡೀದಂಗ ಏರಸ್ತಿದ್ದ. ಅವನ್ನ ಕಟ್ಟಿಗಿ ತುಂಬೂ ಹಿಂದಿನ ತಗಡಿನ ಪತ್ರಾದ ಛಪ್ಪರಕ್ಕ ಒಯ್ದ್ರು. ಮೇ ತಿಂಗಳ ಬಿಸಲು, ಮ್ಯಾಲ ಕಾದ ಪತ್ರಾ, ಮುಂದಿಂದ ಒಡದ ಗ್ವಾಡಿ ಧೂಳು. ನಾಕನೇ ದಿನಾ... ಹೂಂ. ಹೋದ.

ನನ್ಯಾಕ ಹಾಂಗ ನೋಡತೀಯೇ? ನಾ ಬಾವಿ ತೋರಿಸಿದೆ. ಮನಷಾನ ಕೊಲ್ರಿ ಅಂದೆನೇನು? ಎಪ್ಪತ್ತ ದಾಟಿದ ಗಂಡಸು, ಇವತ್ತಿಲ್ಲಾ ನಾಳಿ...

ಇರಲಿ. ಕೇಳು, ಮುಖ್ಯ ಮಾತು ಇನ್ನ ಬರತದ. ಆಮಿನಾನ ಅಳಿಯ ಜುಬೇರ, ಹುಮನಾಬಾದದವ, ಅರ್ಜಿ ಕೊಟ್ಟಾನ. ನಾಳಿ ಮುಂಜಾನಿ ಆ ಸಾಹೇಬ ಮತ್ತ ಬರಾಕತ್ತಾನ. ಇನ್ನೊಬ್ಬ ಹಿರೇರನ್ನ ಕೇಳತಾನಂತ. ಆಮಿನಾ ಹೇಳಿದ್ರ ನಡಿಯಂಗಿಲ್ಲ, ಮನಿ ಕಳಕೊಂಡಾಕಿ, ತನ್ನ ಕಡೇನೇ ಹೇಳತಾಳ ಅಂತಾರ. ಆ ಬಾವಿ ನೀರ ಸೇದಿದಾಕಿ ಈ ಓಣ್ಯಾಗ ಇನ್ನ ನೀ ಒಬ್ಬಾಕಿ. ನಿನಗ ಕುರ್ಚಿ ಕೊಡತಾರ. ಭಾಳ ಮಾತು ಬ್ಯಾಡ, ಆಮಿನಾನ ಮನಿ ಕಡೆ ಬೆರಳ ತೋರಿಸು. ಮುಗೀತು. ಆಕಿ ಖೋಲಿ ಹ್ಯಾಂಗಿದ್ರೂ ಬಿದ್ದದ, ಬಿದ್ದದ್ದು ಎದ್ದು ನಿಂದರತದೇನು?

ಆ ಕಡೆ ಮಾರಿ ತಿರುಗಸಬ್ಯಾಡ, ಕಸ್ತೂರಿ.

ಹೂಂ ಅನ್ನು, ಸಾಕು... ನಿನ್ನ ಮೊಮ್ಮಗಳಿಗಿ ಕೌದಿ ಹೊಲದ ಕೊಡತೀನಿ. ಒಂಬತ್ತ ಬಣ್ಣದ್ದು... ಬ್ಯಾಡಾ? ಬ್ಯಾಡಂದ್ರ ಇದೂ ಕೇಳು. ನಿನ್ನ ಗಂಡ ಬಸವಣಪ್ಪ ರಾಜೇಶ್ವರ ಊರಾಗ ಯಾರ ಮನಿ ಜಗಲಿ ಹತ್ತತಿದ್ದ, ಇಷ್ಟ ದಿನಾ ನಾ ಬಾಯಿ ಬಿಟ್ಟೀನಿ? ಗಯಾನ ಹೊಟ್ಯಾಗ ಏನೇನ ಅದ ಅಂತ ಮರೀಬ್ಯಾಡ!

...ಏನ ಮಾಡಾಕತ್ತಿ? ಕೈ ತಗಿ. ಆ ಒಳಮೆಟ್ಲ ಕಲ್ಲಿನ ಮ್ಯಾಲಿನ ಕೈ ತಗಿ ಅಂದೆ. ಏನ ಸವರತಿ ಅದನ್ನ? ಹಳೀ ಕಲ್ಲು, ಗೆರಿ ಇರತಾವ. ತುಳದು ತುಳದು... ಬೆರಳ ಇಡಬ್ಯಾಡ ಅದರಾಗ. ಇಡಬ್ಯಾಡಂದ್ರ...

ಹೂಂ. ಸರಿಯಾಗಿ ಕುಂತದ. ನಿನ್ನ ಬೆರಳು ಮರತಿಲ್ಲ.

ಹಗ್ಗದ ಗೆರಿನೇ ಅದು. ಆಯ್ತಾ? ಬಾವಿ ಕಟ್ಟಿ ಕಲ್ಲೇ. ನಮ್ಮ ಮಾವ ಬಾವಿ ಮುಚ್ಚಿಸಿ ಅದರ ಮ್ಯಾಲ ಈ ಪಡಸಾಲಿ ಎಬ್ಬಿಸಿದ, ಕಲ್ಲ ಚಲೋ ಅದ ಅಂತ ಮೆಟ್ಲಕ್ಕ ಇಟ್ಟ. ನೀ ಈಗ ಕುಂತದ್ದು ಬಾವಿ ಮ್ಯಾಲೇ, ಕಸ್ತೂರಿ. ಈ ಪಡಸಾಲಿ ಹೋದ್ರ ನಾ ಎಲ್ಲಿ ಮಲಗಲಿ? ಒಳಗಿನ ಖೋಲಿ ಎಲ್ಲಾ ಸೊಸಿ ಪೂನಂದು, ಆಕಿ ನನ್ನ ಹೊಸ್ತಿಲಾ ದಾಟಗೊಡಂಗಿಲ್ಲ. ಆ ಕುರ್ಚಿ ಮ್ಯಾಲ ಕುಂತಾಗ ಬೆರಳ ಎತ್ತಿದೆ, ಅದು ಎದ್ರಿಗಿ ಹೋಯ್ತು. ನಾ ಒಯ್ಯಲಿಲ್ಲವ್ವಾ, ತಾನೇ ಹೋಯ್ತು...

ಏಳಬ್ಯಾಡ. ಕುಂದರ. ನೀ ಮೊದಲ ಆಮಿನಾನ ಕಡೆ ಹೋಗೇ ಬಂದೀ ಏನು? ಹಾಂಗಂದ್ರ ಆಕಿ ಹೇಳ್ಯಾಳ. ಹೇಳಿಲ್ಲಾ? ಯಾರಿಗೂ ಹೇಳಿಲ್ಲಾ?

ನನಗ ಹೇಳಿದ್ಲು. ಮಾರಿ ಮುಂದ ನಿಂತು ಹೇಳಿದ್ಲು. ಮಯ್ಯತ್ ಆದ ಮನ್ಯಾಗ ಮೂರ ದಿನಾ ಒಲಿ ಹಚ್ಚಂಗಿಲ್ಲ ಅಂತ ನಾ ರೊಟ್ಟಿ, ಝುಣಕಾ ಕಟಗೊಂಡು ಹೋಗಿದ್ದೆ. ಹೊರಗ ತಳ್ಳತಾಳ ಅನಕೊಂಡೆ. ತಳ್ಳಲಿಲ್ಲ. ಬುತ್ತಿ ಇಸಕೊಂಡ್ಲು, ಸೆರಗಿಲೆ ಮಾರಿ ಒರಸಿಕೊಂಡು ಹೇಳಿದ್ಲು:

‘ಗಯಾ ಅಕ್ಕಾ, ಸಭಾದಿಂದ ಬಂದು ಹಾಸಿಗಿ ಮ್ಯಾಲಿದ್ದ ಅವರಿಗಿ ಅಂದೆ, ನಾಳಿ ಹೋಗಿ ಖರೆ ಹೇಳತೀನಿ, ಬಾವಿ ಗಯಕ್ಕನ ಪಡಸಾಲ್ಯಾಗ ಅದ ಅಂತ. ಅವರು ಬ್ಯಾಡ ಅಂದ್ರು. ಆಕಿಗಿ ವಯಸ್ಸಾಗ್ಯದ, ಮರತಿರಬೇಕು, ನಾಕ ಮಂದ್ಯಾಗ ಆಕಿನ್ನ ಸುಳ್ಳಿ ಮಾಡಬ್ಯಾಡ, ನಾ ಹಿಂದ ಮಲಗತೀನಿ ಅಂದ್ರು. ಖರೆ ಹೇಳಕ್ಕಾ. ನೀ ಮರತಿದ್ದೇನು?’