ಇವಳಿಗೇನು ಕಮ್ಮಿ

ಮರಳೂರಿನ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿದ್ದ ಅರುಣಾಳ ಪಕ್ಕಕ್ಕೇ ಯಾರೋ ಅತ್ತೆ, ಸೊಸೆ ಬಂದು ಕೂತರು. ಇಬ್ಬರ ನಡುವೆ ದಪ್ಪನೆಯ ಹುಡುಗಿಯೊಬ್ಬಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಕೇಳಬಾರದೆಂದರೂ ಮಾತು ಅರುಣಾಳ ಕಿವಿಗೆ ಬೀಳುತ್ತಿತ್ತು.

“ರಕ್ತ ಆರೇ ಪಾಯಿಂಟ್ ಐತಂತೆ, ಅತ್ತೆ. ರಜಕ್ಕೆ ಅಂತ ಸ್ಕೂಲಲ್ಲಿ ಕೊಟ್ಟಿದ್ದ ಐರನ್ ಮಾತ್ರೆ ನುಂಗಿಸಿದ್ರಾ?”

“ಇಂಥ ಮೈಯಾಗೆ ರಕ್ತ ಕಮ್ಮಿ ಆಯ್ತದೆ ಅಂತ ಯಾರಿಗ್ ಗೊತ್ತವ್ವ? ಇವಳ ತಮ್ಮ ಕಡ್ಡಿ ಹಂಗವ್ನೆ, ಅವನಿಗೆ ಕೊಟ್ಟೆ.”

“ಎಲ್ಲಾನೂವಾ?”

“ಎಲ್ಲಾನೂವೆ. ಸೊಪ್ಪಿನ ಸಾರೂ ಅವನಿಗೇ. ಇವಳು ಸಣ್ಣ ಆಗ್ಲಿ ಅಂತ ಬರೀ ಟೀ ಕೊಡ್ತಿದ್ದೆ.”

“ಸುಸ್ತು ಸುಸ್ತು ಅಂತಿದ್ಲಲ್ಲ.”

“ಮೈಗಳ್ಳಿ ಅಂದ್ಕೊಂಡೆ ಕಣೇ.”

ನರ್ಸ್ ಕರೆದಳು. ಹುಡುಗಿ ಗೋಡೆ ಹಿಡಿದು ಎದ್ದಳು. ಎಂದಿನ ರೂಢಿಯೆಂಬಂತೆ ಅಜ್ಜಿಯ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡು ಒಳಗೆ ನಡೆದಳು.