ಕೆಂಚಪ್ಪ ಕೊಯ್ದ ಚೀನಾ ಮೇಜು

ಇದು ನಡೆದಿದ್ದೇ ಕಣ್ರಪ್ಪಾ, ಈ ಉರಿಯೋ ಬೆಂಕಿ ಮೇಲಾಣೆ! ಸುಳ್ಳಾದ್ರೆ ನನ್ನ ಮೀಸೆ ಬೋಳಿಸಿ. ಸುತ್ತ ಏಳೂರಲ್ಲಿ ನನ್ನಂಗೆ ಕಥೆ ಹೇಳೋನು ಇನ್ನೊಬ್ಬ ಇದ್ರೆ ಕರ್ಕಂಬನ್ನಿ. ಇಲ್ಲ ತಾನೆ? ಹಂಗಾದ್ರೆ ಬಾಯ್ಮುಚ್ಕಂಡು ಕೇಳಿ.

ಯಾವ ದೊರೆ ಸೀಮೆಯೋ, ಸಮುದ್ರದ ದಡದಲ್ಲಿ ಒಂದೂರು. ಅಲ್ಲಿ ಮೂವರು ಅಣ್ತಮ್ಮಂದ್ರು. ದೊಡ್ಡೋನು ಕೆಂಚಪ್ಪ, ನಡುಕ್ಲೋನು ಮುದ್ದಪ್ಪ, ಕಿರಿಯೋನು ಬೋರ. ಕೆಂಚಪ್ಪಂಗೆ ಮೂಗಿನ ತುದೀಲೇ ಸಿಟ್ಟು. ಅಪ್ಪ ಸತ್ತಾಗ ಮನೇಲಿ ಉಳಿದಿದ್ದು ಒಂದು ಚೀನಾ ಮೇಜು. ಎಂದೋ ಹಡಗು ಒಡೆದು ದಡ ಸೇರಿದ್ದ ಚೀನಾದೋನಿಗೆ ಅಪ್ಪ ಅನ್ನ ಹಾಕಿದ್ದ. ತನ್ನ ಜೊತೆ ತೇಲಿ ಬಂದಿದ್ದನ್ನ ಆ ಋಣಕ್ಕೆ ಅವನು ಕೊಟ್ಟು ಹೋಗಿದ್ದು. ಇವರೋ, ಅದರ ಮೇಲೆ ಮೀನು ಕೊಯ್ತಿದ್ರು!

ಒಂದಿನ ಆ ಚೀನಾದೋನ ಮಗ ಹುಡುಕ್ಕೊಂಡು ಬಂದ. ಮೇಜಿನ ಮಗ್ಗುಲ ಬೆಣೆ ಎಳೆದ, ಮೇಲಿನ ಹಲಗೆ ಎತ್ತಿದ. ಏನಿತ್ತು ಅಂತೀರಾ? ಕೆಳಗೆ ಇನ್ನೊಂದು ಹಲಗೆ, ಅದರ ತುಂಬ ಗೆರೆ, ಗೆರೆ, ಗೆರೆ! ಎರಡು ಮೂಲೇಲಿ ಗುಳಿ. ಒಂದರಲ್ಲಿ ಕರಿ ಕಲ್ಲು, ಇನ್ನೊಂದರಲ್ಲಿ ಬಿಳಿ ಕಲ್ಲು.

"ನಮ್ಮ ಮುತ್ತಾತ ಆಡ್ತಿದ್ದ ಆಟದ ಮೇಜು ಇದು. ಊಟದ ಹೊತ್ತಿಗೆ ಮುಚ್ಚೋದು, ಉಂಡು ತೆಗೆದು ಆಡೋದು. ನಮ್ಮಪ್ಪ ಸಾಯೋವರೆಗೂ ಇದನ್ನೇ ನೆನೀತಿದ್ದ. ಇಡೀ ಮೇಜಿಗೆ ಒಂಬೈನೂರು ವರಹ. ನಿಮ್ಮೂರ ಪದ್ಧತಿಯಂಗೆ ಶುಭಕ್ಕೆ ಮೇಲೊಂದು," ಅಂದು ದುಡ್ಡು ತರಕ್ಕೆ ಹಡಗಿಗೆ ಹೋದ.

ತಲೆಗೆ ಮುನ್ನೂರು. ಸರಿ. ಮೇಲಿನ ಒಂದು ಯಾರಿಗೆ?

"ಹಿರಿಯ ನಾನು, ನಂಗೆ!" ಅಂದ ಕೆಂಚಪ್ಪ.

"ಅಪ್ಪನ್ನ ಕೊನೇಗಾಲಕ್ಕೆ ನೋಡ್ಕಂಡೋನು ನಾನು ಕಣಣ್ಣ!" ಅಂದ ಮುದ್ದಪ್ಪ.

"ದಿನಾ ಮೇಜು ತೊಳೆದೋನು ನಾನು! ನೀವು ಬರೀ ಮೀನು ತಿಂದೋರು!" ಅಂದ ಬೋರ.

ಕೆಂಚಪ್ಪನ ಕಿವಿ ಕಾದವು. ಕಣ್ಣು ಕೆಂಪಾದವು. ಕೈ ಗರಗಸ ಹುಡುಕ್ತು.

"ಹಿರಿಯಂಗೆ ಮರ್ಯಾದೆ ಇಲ್ಲದ ಮೇಲೆ ಮೇಜೂ ಬೇಡ! ಮೂರು ಪಾಲು ಮಾಡ್ತೀನಿ, ಹೊತ್ಕಂಡು ಹೋಗ್ರಲಾ!"

ಬೇಡ ಅನ್ನಬೇಕಲ್ವಾ ತಮ್ಮಂದ್ರು? ಅಂದ್ರಾ? "ಗಂಡಸಾದ್ರೆ ಕೊಯ್ಯಿ, ನೋಡೇ ಬಿಡಾನ!" ಅಂದ್ರು, ಮುಠ್ಠಾಳರು! ಕರ್ರ್, ಕರ್ರ್, ಕರ್ರ್! ಕಲ್ಲೆಲ್ಲ ನೆಲದ ಪಾಲು.

ಚೀನಾದೋನು ಥೈಲಿ ಹೊತ್ತು ಬಂದ. ನಿಂತ. ನೋಡಿದ. ಮಂಡಿಯೂರಿ ಒಂದೊಂದೇ ಕಲ್ಲು ಆರಿಸಿ ಬಟ್ಟೇಲಿ ಕಟ್ಕಂಡ. "ಕಲ್ಲಿಗೆ ಇದು," ಅಂತ ಒಂದೇ ಒಂದು ವರಹ ಇಟ್ಟು ಹೊರಟೇ ಹೋದ.

"ತಗೊಳ್ಳಯ್ಯ, ನಿನ್ನ ಹಿರೇತನ!" ಅಂತ ತಮ್ಮಂದ್ರು ಬಾಗಿಲು ಒದ್ದು ನಡೆದ್ರು.

ಕೆಂಚಪ್ಪ ಬಗ್ಗಿ ಎತ್ಕಂಡ. ಮೇಲಿನ ಒಂದು ವರಹ, ಕೇಳಿದ್ದು ಸಿಕ್ತಲ್ಲ!

ನನ್ನ ಕಥೆ ಉರಿದು ಬೂದಿಯಾಯ್ತು, ನಿಮ್ಮನೆ ಒಲೆ ಉರೀತಿರ್ಲಿ. ಆ ಒಂದಕ್ಕೆ ಕೆಂಚಪ್ಪ ಕಳ್ಕಂಡಿದ್ದು ಎಷ್ಟು? ಮುನ್ನೂರು ವರಹ.