ಹೋಗುವುದಕ್ಕಷ್ಟೇ ಟಿಕೆಟ್

“ಸಾವಕಾರ್ರ, ಹೋಗೂದಷ್ಟ ತಗೊಂಡ್ರ ಭಾಳ ಸೋವಿ ಬೀಳ್ತೈತ್ರಿ. ಮಂಗಳವಾರದ್ದು ತಗೋರಿ. ನಡುವ ಮುಂಬೈದಾಗ ಒಂದ್ಸಲ ಇಳದು ಹತ್ತಬೇಕು, ಅಷ್ಟ.”

ಹೀಗೆ ಅಗ್ಗದ ದಾರಿ ಹೇಳಿದವನು ವಿಮಾನದ ಟಿಕೆಟ್ ಮಾಡಿಸಿಕೊಡುವ ಅಂಗಡಿಯವನು. ಅವನೆದುರು ಕೂತಿದ್ದವನು ಒಂದೂರಿನ ಶ್ರೀಮಂತ, ಮೆಣಸಿನಕಾಯಿ ವ್ಯಾಪಾರಿ. ಯಾವ ಊರು, ಯಾವ ಶ್ರೀಮಂತ ಅಂತ ಕೇಳಬೇಡಿ. ಹೇಳಿದರೆ ಇಲ್ಲಿ ಕೂತವರಲ್ಲೇ ನಾಲ್ಕು ಜನ ತಲೆ ತಗ್ಗಿಸಬೇಕಾದೀತು.

ಟಿಕೆಟ್ ಅವನಿಗಲ್ಲ, ಅವನ ಅಕ್ಕನಿಗೆ. ಹೆಸರು ಬೇಕೇ ಬೇಕು ಅನ್ನುವವರು ಆಕೆಯನ್ನು ಶಿವಗಂಗವ್ವ ಅನ್ನಿ. ತಾಯಿ ಬೇಗ ತೀರಿಕೊಂಡಾಗ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಗಂಡ ಹೋದ ಮೇಲೆ ಮಗಳನ್ನು ಕಟ್ಟಿಕೊಂಡು ತಮ್ಮನ ಮನೆಗೇ ಬಂದವಳು. ಆ ಮಗಳು ಈಗ ಗಂಡನ ಜೊತೆ ಮಸ್ಕತ್‌ನಲ್ಲಿ ಇದ್ದಾಳೆ, ತುಂಬಿದ ಬಸುರಿ. ಬಾಣಂತನಕ್ಕೆ ತಾಯಿ ಹೋಗಬೇಕು.

ಅಂಗಡಿಯವನು ಇನ್ನೊಂದು ಮಾತನ್ನೂ ಹೇಳಿದ. ವಿಮಾನ ಹತ್ತಿಸುವ ಮುಂಚೆ ವಾಪಸು ಬರುವ ಟಿಕೆಟ್ ಎಲ್ಲಿ ಅಂತ ಕೇಳುತ್ತಾರೆ, ಹೊರಡುವುದರೊಳಗೆ ಅದನ್ನೂ ಮಾಡಿಸಿಬಿಡಿ ಅಂದ. ಅದಕ್ಕೆ ಸಾಹುಕಾರ ನಕ್ಕು, ಹೊರಡುವುದು ಇನ್ನೂ ದೂರ ಇದೆ, ಅಷ್ಟರಲ್ಲಿ ದರ ಇಳಿಯುತ್ತೆ ಬಿಡಪ್ಪ ಅಂದ. ನೋಡಿ, ಮೆಣಸಿನಕಾಯಿ ಪೇಟೆಯ ಬುದ್ಧಿ ಇದು. ಅರ್ಧ ಮಾಲು ಇವತ್ತು ಕೊಂಡು, ಇನ್ನರ್ಧಕ್ಕೆ ದರ ಬೀಳುವ ತನಕ ಕಾಯುವುದು. ಅಕ್ಕ ಹೋಗುವುದು ಅರ್ಧ ಮಾಲು. ಅಕ್ಕ ಬರುವುದು ಇನ್ನರ್ಧ ಮಾಲು.

ಮನೆಗೆ ಬಂದವನು, ತಗೋ ನಿನ್ನ ಟಿಕೆಟ್ ಅಂತ ಅಕ್ಕನ ಕೈಗಿಟ್ಟು ಕಾಲು ತೊಳೆಯಲು ಹೋದ. ಒಂದು ಮಾತು ಹೇಳಿದನೇ? ಇಲ್ಲ. ಸ್ವಂತ ಅಕ್ಕ, ಆಕೆಗೆ ಏನು ಬಿಡಿಸಿ ಹೇಳುವುದು?

ಅಕ್ಕನಿಗೆ ಇಂಗ್ಲಿಷ್ ಬಾರದು. ಪಕ್ಕದ ಮನೆಯ ಟೀಚರಮ್ಮನ ಕೈಲಿ ಓದಿಸಿದಳು. ಟೀಚರಮ್ಮ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಇದರಲ್ಲಿ ಹೋಗುವುದಷ್ಟೇ ಇದೆ, ಬರುವುದು ಇಲ್ಲವಲ್ಲ ಅಂದಳು. ಹೌದೇನು ಅಂದಳು ಅಕ್ಕ. ತಮ್ಮನನ್ನು ಕೇಳಲಿಲ್ಲ. ಯಾಕೆ ಕೇಳಲಿಲ್ಲ? ನಾನು ವಾಪಸು ಬರುವುದು ಬೇಡವೇನೋ ಅಂತ ಕೇಳಿ, ಅವನ ಬಾಯಿಂದ ಹೌದು ಅನ್ನುವ ಉತ್ತರ ಬಂದುಬಿಟ್ಟರೆ, ಆಮೇಲೆ ಎಲ್ಲಿಗೆ ಹೋಗುವುದು?

ಅವತ್ತಿನಿಂದ ಆಕೆ ತನ್ನ ಸಂಸಾರವನ್ನು ಹಂಚತೊಡಗಿದಳು. ಇಳಕಲ್ ಸೀರೆ ಟೀಚರಮ್ಮನ ಮಗಳಿಗೆ. ಹಪ್ಪಳ ಲಟ್ಟಿಸುವ ಮಣೆ ಎದುರು ಮನೆಗೆ. ಉಪ್ಪಿನಕಾಯಿಯ ಜಾಡಿಗಳು ಓಣಿಯಲ್ಲಿ ಒಂದೊಂದು ಮನೆಗೆ ಒಂದೊಂದು. ಇದನ್ನೆಲ್ಲ ಸಾಹುಕಾರ ನೋಡಿದ. ನೋಡಿ ಏನಂದುಕೊಂಡ ಗೊತ್ತೇ? ವಿಮಾನದವರು ಸಾಮಾನು ತೂಕ ಮಾಡುತ್ತಾರೆ ಅಂತ ಅಕ್ಕ ಭಾರ ಇಳಿಸುತ್ತಿದ್ದಾಳೆ, ನಮ್ಮಕ್ಕನೂ ವ್ಯಾಪಾರ ಕಲಿತಳು ಅಂತ ಹಿಗ್ಗಿದ.

ತಮಾಷೆ ನೋಡಿ. ಹೊರಗೆ ಪಡಸಾಲೆಯಲ್ಲಿ ಇವನು ದಿನಾ ಸಂಜೆ ಫೋನ್ ಹಿಡಿದು ಅಕ್ಕ ವಾಪಸು ಬರುವ ದರ ಹುಡುಕುತ್ತಿದ್ದಾನೆ. ಒಳಗೆ ಆಕೆ, ಇನ್ನು ಈ ಮನೆಗೆ ತಾನು ಬೇಡ ಅಂತ ಸೀರೆ ಮಡಿಸುತ್ತಿದ್ದಾಳೆ. ನಡುವೆ ಇರುವುದು ಒಂದೇ ಗೋಡೆ.

ಒಂದು ಮಧ್ಯಾಹ್ನ ಸಾಹುಕಾರ ಪೇಟೆಯ ಕೆಲಸ ಬೇಗ ಮುಗಿಸಿ ನೇರ ಮನೆಗೆ ಬಂದ. ಅಡುಗೆಮನೆಯಲ್ಲಿ ಅಕ್ಕ ಅವನ ಹೆಂಡತಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

“ಸಿಟ್ಟಿನಾಗ ಊಟ ಬ್ಯಾಡ ಅಂತಾನ. ನೀ ಕೇಳಾಕ ಹೋಗಬ್ಯಾಡವ್ವ, ತಾಟು ತಂದು ಮುಂದ ಇಟ್ಟುಬಿಡು, ಉಣ್ತಾನ. ಜ್ವರ ಬಂದ್ರ ಯಾರಿಗೂ ಹೇಳೂದಿಲ್ಲ, ಕಾಲು ಮುಟ್ಟಿ ನೋಡಬೇಕು. ಇಷ್ಟು ದಿನಾ ನಾ ನೋಡ್ತಿದ್ದೆ. ಇನ್ನ ನೀನ ನೋಡಬೇಕು.”

ಬಾಗಿಲ ಹೊರಗೆ ಸಾಹುಕಾರ ನಿಂತಲ್ಲೇ ನಿಂತ.

ಅವನು ಅಲ್ಲೇ ನಿಂತಿರಲಿ, ಈಗ ನಿಮ್ಮನ್ನು ಕೇಳುತ್ತೇನೆ. ಅವನು ಕೆಟ್ಟವನೇ? ಅಲ್ಲ. ಅಗ್ಗದ ಟಿಕೆಟ್ ಹುಡುಕುವುದು ತಪ್ಪೇ? ಅದೂ ಅಲ್ಲ, ಧಾರಾಳವಾಗಿ ಹುಡುಕಿ. ಆದರೆ ಮನಸ್ಸಿನ ಮಾತು ಹೇಳುವುದಕ್ಕೂ ದರ ಇಳಿಯಲಿ ಅಂತ ಕಾಯುತ್ತೀರಲ್ಲ, ಅದು ತಪ್ಪು. ಅತ್ತೆಯನ್ನು ಮಗಳ ಮನೆಗೆ ಕಳಿಸುತ್ತೀರಿ, ಹೆಂಡತಿಯನ್ನು ತವರಿಗೆ ಕಳಿಸುತ್ತೀರಿ. ಬಸ್ ಹತ್ತಿಸುತ್ತೀರಿ, ನೀರಿನ ಬಾಟಲಿ ಕೊಡಿಸುತ್ತೀರಿ. ಯಾವಾಗ ಬರ್ತೀ ಅಂತ ಒಮ್ಮೆ ಕೇಳುತ್ತೀರಾ? ಅವರಿಗೆ ಗೊತ್ತಿರುತ್ತೆ ಅಂತೀರಿ. ಗೊತ್ತಿರುವುದಿಲ್ಲ ತಾಯಿ, ಗೊತ್ತಿರುವುದಿಲ್ಲ ಅಪ್ಪಾ. ಇವತ್ತು ಇಲ್ಲಿಂದ ಮನೆಗೆ ಹೋದವರು ಚಪ್ಪಲಿ ಬಿಡುವಾಗಲೇ ಮನೆಯವರನ್ನು ಕರೆದು, ನೀ ಇಲ್ಲದಿದ್ದರೆ ನಮಗೆ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ. ನಾಚಿಕೆಯಾದರೂ ಹೇಳಿ. ಅವರು ನಕ್ಕರೂ ಹೇಳಿ. ಯಾರನ್ನು ಎಲ್ಲಿಗೆ ಕಳಿಸಿದರೂ ಬರುವ ದಿನ ಕೇಳದೆ ಹೊಸ್ತಿಲು ದಾಟಿಸಬೇಡಿ.

ಇನ್ನು ಬಾಗಿಲಲ್ಲಿ ನಿಂತವನ ಕಡೆ ನೋಡೋಣ. ಅವನು ಒಳಗೆ ಬಂದ.

“ಅಕ್ಕಾ, ನೀ ಹೊಳ್ಳಿ ಬರೂದಿಲ್ಲೇನು?”

“ಟಿಕೆಟ್ ತಗದಾಂವ ನೀನ ಅಲ್ಲೇನೋ. ಮಗಳ ಮನಿಯಾಗ ಇರಲಿ ಅಂದಿ, ಇರತೇನಿ. ನನಗ ಸಿಟ್ಟಿಲ್ಲೋ ತಮ್ಮಾ.”

“ಬರೂದು ಇನ್ನೊಂಚೂರು ಸೋವಿ ಆಗಲಿ ಅಂತ ಕಾಯಾಕತ್ತಿದ್ದೆ.”

ಅಕ್ಕ ಅವನ ಮುಖವನ್ನೇ ನೋಡಿದಳು. “ನಾ ಇನ್ನೆಷ್ಟು ಸೋವಿ ಆಗಬೇಕಿತ್ತೋ?”

ಅವನು ಅಲ್ಲೇ ನಿಂತು ಟಿಕೆಟ್ ಅಂಗಡಿಯವನಿಗೆ ಫೋನ್ ಮಾಡಿದ. ಇವತ್ತು ದರ ಏರಿದೆ, ಎರಡು ದಿನ ತಡೆಯಿರಿ ಅಂದ ಆ ಕಡೆಯವನು. ಎಷ್ಟಾದರೂ ಇರಲಿ, ಈಗಲೇ ಮಾಡು ಅಂದ ಸಾಹುಕಾರ. ಹುಟ್ಟಿದಾಗಿನಿಂದ ಅವನು ಏರಿದ ದರಕ್ಕೆ ಮಾಲು ಕೊಂಡದ್ದು ಅದೇ ಮೊದಲು.

“ಬರೂದು ಯಾವಾಗಿಂದೋ?” ಅಂತ ಕೇಳಿದಳು ಅಕ್ಕ.

“ಕೂಸಿನ್ನ ತೊಟ್ಟಿಲಕ್ಕ ಹಾಕಿದ ಮ್ಯಾಲಿಂದು. ಬಂದುಬಿಡು ಅಕ್ಕಾ. ಈ ಮನಿಯಾಗ ನನ್ನ ಬೈಯಾಕ ಬ್ಯಾರೆ ಯಾರದಾರ?”

ಅಂದವನು ಉಕ್ಕಿ ಬಂದ ಕಣ್ಣೀರನ್ನು ಕೈಯಿಂದ ಒರೆಸಿಕೊಂಡ. ಬೆಳಗಿನಿಂದ ಪೇಟೆಯಲ್ಲಿ ಮೆಣಸಿನಕಾಯಿ ಮುರಿದು ನೋಡಿದ ಕೈ, ಇನ್ನೂ ತೊಳೆದಿರಲಿಲ್ಲ. ಕಣ್ಣು ಉರಿದು ಅಡುಗೆಮನೆಯ ತುಂಬ ಕುಣಿದಾಡಿದ. ಅಕ್ಕ ಅವನ ಕತ್ತು ಹಿಡಿದು ಬಚ್ಚಲಿಗೆ ಎಳೆದೊಯ್ದು, ತಲೆ ಬಗ್ಗಿಸಿ, ತಂಬಿಗೆಯಿಂದ ತಣ್ಣೀರು ಎರಚುತ್ತಾ ನಿಂತಳು.